ಹಳೆ ಲ್ಯಾಪ್‌ಟಾಪ್‌ಗೆ ಎಸ್‌ಎಸ್‌ಡಿ: ಕಲಬುರಗಿಯ ನಾಲ್ಕು ಬೇಸಿಗೆ ಕಳೆದ ಮೇಲೆ

ಮೊದಲೇ ಹೇಳಿಬಿಡುತ್ತೇನೆ. ಹಳೆ ಲ್ಯಾಪ್‌ಟಾಪ್‌ಗೆ ಒಂದೇ ಒಂದು ಖರ್ಚು ಮಾಡುವ ಶಕ್ತಿ ಇದ್ದರೆ ಅದನ್ನು ಎಸ್‌ಎಸ್‌ಡಿಗೆ, ಅಂದರೆ ಹಾರ್ಡ್ ಡಿಸ್ಕಿನ ಜಾಗಕ್ಕೆ ಕೂರುವ, ತಿರುಗುವ ಭಾಗವಿಲ್ಲದ ಡ್ರೈವ್‌ಗೆ ಮಾಡಿ. ನಾನು ಹಾಕಿದ ಮೇಲೆ ನಾಲ್ಕು ಬೇಸಿಗೆ ಕಳೆದವು. ಡ್ರೈವ್ ಇವತ್ತಿಗೂ ಗಟ್ಟಿಯಾಗಿದೆ. ಆದರೆ ಶುರುವಿನ ಕೆಲವು ವಾರ ಲ್ಯಾಪ್‌ಟಾಪ್ ಎಷ್ಟು ಕಾಡಿತು ಎಂದರೆ, ಡ್ರೈವನ್ನೇ ಬೈದು ವಾಪಸ್ ಕಳಿಸುವ ಹಾಗಿತ್ತು. ದೋಷ ಇದ್ದದ್ದು ಬೇರೆ ಕಡೆ. ಅದನ್ನು ಹೇಗೆ ಹುಡುಕಿದೆ ಎಂಬುದೇ ಈ ವಿಮರ್ಶೆಯಲ್ಲಿ ಜಾಸ್ತಿ ಜಾಗ ತೆಗೆದುಕೊಳ್ಳುತ್ತದೆ. ಯಾಕಂದ್ರೆ ಇದೇ ಕಾಟಕ್ಕೆ ಹೆದರಿ ಒಳ್ಳೆಯ ಡ್ರೈವ್ ಮಾರಿದವರನ್ನು ನೋಡಿದ್ದೇನೆ.

ನನ್ನದು ಡಿಟಿಪಿ ಕೆಲಸ. ಮದುವೆ ಪತ್ರಿಕೆ, ಕರಪತ್ರ, ವಿಶ್ವವಿದ್ಯಾಲಯದ ಹುಡುಗರ ಪ್ರಬಂಧ. ನುಡಿ, ಪೇಜ್‌ಮೇಕರ್, ಕೋರೆಲ್‌ಡ್ರಾ ಮೂರೂ ದಿನವಿಡೀ ತೆರೆದಿರುತ್ತವೆ. ಲ್ಯಾಪ್‌ಟಾಪ್ 2013ರದು. ಮೂರನೇ ತಲೆಮಾರಿನ ಐ5, 4 ಜಿಬಿ ರ್ಯಾಮ್, ನಿಮಿಷಕ್ಕೆ 5,400 ಸುತ್ತು ತಿರುಗುವ 500 ಜಿಬಿ ಹಾರ್ಡ್ ಡಿಸ್ಕ್. ಕೊನೆ ಕೊನೆಗೆ ಆನ್ ಮಾಡಿ ಚಹಾ ಕುಡಿದು ಬಂದರೂ ಡಿಸ್ಕ್ ಲೈಟ್ ಮಿಣುಕುತ್ತಲೇ ಇರುತ್ತಿತ್ತು. ಪ್ರೊಸೆಸರ್ ಮಾತ್ರ ಸುಮ್ನೆ ಕೂತಿರುತ್ತಿತ್ತು.

ಇದಕ್ಕೆ ಕಾರಣ ಸರಳ. ಆ ವೇಗದಲ್ಲಿ ಡಿಸ್ಕಿನ ಒಂದು ಸುತ್ತಿಗೆ 11 ಮಿಲಿಸೆಕೆಂಡ್ ಬೇಕು. ಬೇಕಾದ ಜಾಗ ಸೂಜಿಯ ಕೆಳಗೆ ಬರಲು ಸರಾಸರಿ ಅದರ ಅರ್ಧ ಕಾಯಬೇಕು. ಸೂಜಿ ಆ ಕಡೆ ಈ ಕಡೆ ಸರಿಯುವ ಹೊತ್ತು ಬೇರೆ. ವಿಂಡೋಸ್ ಏಳುವಾಗ ಸಾವಿರಾರು ಚಿಕ್ಕ ಚಿಕ್ಕ ಫೈಲ್ ಓದುತ್ತದೆ. ಪ್ರತಿ ಸಲ ಈ ಕಾಯುವಿಕೆ. ಎಸ್‌ಎಸ್‌ಡಿಯಲ್ಲಿ ತಿರುಗುವ ಭಾಗವೇ ಇಲ್ಲ, ಒಂದು ಓದಿಗೆ ಮಿಲಿಸೆಕೆಂಡಿನ ಹತ್ತನೇ ಒಂದು ಭಾಗದ ಆಸುಪಾಸು ಸಾಕು. ಡಬ್ಬಿಯ ಮೇಲೆ ದೊಡ್ಡದಾಗಿ ಬರೆದಿರುವ ಸೆಕೆಂಡಿಗೆ 500 ಎಂಬಿ ಅನ್ನೋದಕ್ಕಿಂತ ನಿಮ್ಮ ಕೈಗೆ ತಿಳಿಯುವ ವ್ಯತ್ಯಾಸ ಇದೇ.

ನಾನು ಕೊಂಡಿದ್ದು 2.5 ಇಂಚಿನ ಸಾಟಾ ಮಾದರಿ (ಸಾಟಾ ಅಂದರೆ ಡ್ರೈವನ್ನು ಮದರ್‌ಬೋರ್ಡಿಗೆ ಜೋಡಿಸುವ ಬಗೆ), 480 ಜಿಬಿ. ಸೂಪರ್ ಮಾರ್ಕೆಟ್ ಕಡೆಯ ಅಂಗಡಿಯಲ್ಲಿ, ಆಗ ಮೂರೂವರೆ ಸಾವಿರದ ಆಸುಪಾಸು. ಆ ಕಾಲದ ಲ್ಯಾಪ್‌ಟಾಪ್‌ಗಳಿಗೆ ಇದೇ ಸರಿ. ಚೂಯಿಂಗ್ ಗಮ್ ಪಟ್ಟಿಯ ಆಕಾರದ ಎಂ.2 ಡ್ರೈವ್ ತೋರಿಸಿ "ಇದು ಫಾಸ್ಟ್" ಅಂದರೆ ಒಪ್ಪಬೇಡಿ. ಅದಕ್ಕೆ ಬೇಕಾದ ಸ್ಲಾಟ್ 2013ರ ಬಹುತೇಕ ಲ್ಯಾಪ್‌ಟಾಪ್‌ಗಳಲ್ಲಿ ಇರುವುದೇ ಇಲ್ಲ. ದಪ್ಪವನ್ನೂ ನೋಡಿಕೊಳ್ಳಿ. ಹಳೆ ಡಿಸ್ಕ್ 9.5 ಮಿಮೀ, ಹೊಸ ಡ್ರೈವ್ 7 ಮಿಮೀ. ಡಬ್ಬಿಯಲ್ಲಿ ಕೆಲವೊಮ್ಮೆ ಪ್ಲಾಸ್ಟಿಕ್ ಚೌಕಟ್ಟು ಕೊಟ್ಟಿರುತ್ತಾರೆ, ಅದನ್ನು ಬಿಸಾಡಬೇಡಿ. ಅದಿಲ್ಲದೆ ಡ್ರೈವ್ ಒಳಗೆ ಅಲುಗಾಡುತ್ತದೆ, ಕನೆಕ್ಟರ್ ಮೇಲೆ ಭಾರ ಬೀಳುತ್ತದೆ.

ಹೊಸದಾಗಿ ವಿಂಡೋಸ್ ಹಾಕುವುದು ಶುದ್ಧ ದಾರಿ. ಆದರೆ ವರ್ಷಗಳಿಂದ ಕೂಡಿಟ್ಟ ಫಾಂಟ್‌ಗಳು, ನುಡಿಯ ಸೆಟ್ಟಿಂಗ್, ಹಳೆ ಪೇಜ್‌ಮೇಕರ್ ಫೈಲ್‌ಗಳು ಎಲ್ಲ ಹಾಗೇ ಬೇಕಿತ್ತು. ಅದಕ್ಕೇ ಕ್ಲೋನ್ ಮಾಡಿದೆ, ಅಂದರೆ ಹಳೆ ಡಿಸ್ಕಿನಲ್ಲಿದ್ದದ್ದೆಲ್ಲವನ್ನೂ ಹೊಸದಕ್ಕೆ ಯಥಾವತ್ತಾಗಿ ನಕಲು ಮಾಡಿದೆ. ಇಲ್ಲೊಂದು ತೊಡಕು ಇದೆ. 500 ಜಿಬಿ ಡಿಸ್ಕನ್ನು ವಿಂಡೋಸ್ 465 ಎಂದು ತೋರಿಸುತ್ತದೆ, 480ರದನ್ನು 447 ಎಂದು. ಅಂದರೆ ಹೊಸದು ಚಿಕ್ಕದು. ಕೆಲವು ಕ್ಲೋನ್ ತಂತ್ರಾಂಶಗಳು ಅಲ್ಲೇ ನಿಂತುಬಿಡುತ್ತವೆ. ಮೊದಲು ಡಿಸ್ಕ್ ಮ್ಯಾನೇಜ್‌ಮೆಂಟ್‌ಗೆ ಹೋಗಿ ಹಳೆ ಪಾರ್ಟಿಷನ್ (ಡಿಸ್ಕಿನ ವಿಭಾಗ) ಕುಗ್ಗಿಸಿ. ಖಾಲಿ ಜಾಗ ಬೇಕಾದಷ್ಟಿದ್ದರೂ ಕುಗ್ಗಲಿಲ್ಲವೆಂದರೆ ಹೈಬರ್ನೇಷನ್, ಪೇಜ್ ಫೈಲ್, ಸಿಸ್ಟಮ್ ರಿಸ್ಟೋರ್ ಮೂರನ್ನೂ ಆಫ್ ಮಾಡಿ ಮತ್ತೆ ನೋಡಿ. ಜಾಗ ಬಿಟ್ಟು ಕದಲದ ಫೈಲ್‌ಗಳು ಅವೇ. ಕ್ಲೋನ್ ಮುಗಿದ ಮೇಲೆ ಹಳೆ ಡಿಸ್ಕ್ ಬಿಚ್ಚಿಟ್ಟು, ಹೊಸದರಿಂದ ಮಾತ್ರ ಮೊದಲ ಸಲ ಆನ್ ಮಾಡಿ. ಎರಡಕ್ಕೂ ಒಂದೇ ಗುರುತು ಇರುವುದರಿಂದ, ಜೊತೆಗೆ ಸಿಕ್ಕಿಸಿದರೆ ವಿಂಡೋಸ್ ಒಂದನ್ನು ಆಫ್‌ಲೈನ್ ಮಾಡಿಬಿಡುತ್ತದೆ.

ಮೊದಲ ದಿನ ಸಂತೋಷವೋ ಸಂತೋಷ. ಇಪ್ಪತ್ತು ಸೆಕೆಂಡಿನೊಳಗೆ ಡೆಸ್ಕ್‌ಟಾಪ್. ಕೋರೆಲ್‌ಡ್ರಾ ಕ್ಲಿಕ್ ಮಾಡಿ ಕೈ ತೆಗೆಯುವಷ್ಟರಲ್ಲಿ ತೆರೆಯಿತು.

ಆಮೇಲೆ ಕಾಟ ಶುರುವಾಯಿತು. ಕೆಲಸ ಮಾಡುತ್ತಿದ್ದಂತೆ ಎಲ್ಲವೂ ನಿಂತುಬಿಡುವುದು. ಮೌಸ್ ಓಡಾಡುತ್ತದೆ, ಕ್ಲಿಕ್ ಕೇಳುವುದಿಲ್ಲ. ಡಿಸ್ಕ್ ಲೈಟ್ ಮಿಣುಕದೆ ಹತ್ತಿಕೊಂಡೇ ಇರುತ್ತದೆ. ಟಾಸ್ಕ್ ಮ್ಯಾನೇಜರ್‌ನಲ್ಲಿ ಡಿಸ್ಕ್ 100%, ಆದರೆ ಓದು-ಬರಹದ ವೇಗ ಸೊನ್ನೆ. ಅರ್ಧ ನಿಮಿಷ ಹಾಗೇ ಇದ್ದು, ಏನೂ ಆಗದವರಂತೆ ಮತ್ತೆ ಓಡುವುದು. ದಿನಕ್ಕೆ ಇದು ಹಲವು ಸಲ. ಒಮ್ಮೊಮ್ಮೆ ಆನ್ ಮಾಡಿದಾಗ ಬೂಟ್ ಡಿವೈಸ್ ಸಿಗಲಿಲ್ಲ ಅನ್ನುವ ಕಪ್ಪು ಪರದೆ. ಆಫ್ ಮಾಡಿ ಆನ್ ಮಾಡಿದರೆ ಸರಿ.

ಇಂಥ ಹೊತ್ತಿನಲ್ಲಿ ಊಹೆ ಮಾಡಬೇಡಿ. ವಿಂಡೋಸ್ ಎಲ್ಲವನ್ನೂ ಬರೆದಿಟ್ಟಿರುತ್ತದೆ. ಈವೆಂಟ್ ವ್ಯೂವರ್ ತೆರೆದು ಸಿಸ್ಟಮ್ ಲಾಗ್ ನೋಡಿದೆ. ಹ್ಯಾಂಗ್ ಆದ ಪ್ರತಿ ಹೊತ್ತಿಗೂ 129 ಅನ್ನುವ ಎಚ್ಚರಿಕೆ ದಾಖಲಾಗಿತ್ತು. ಡ್ರೈವ್‌ಗೆ ಕೇಳಿದ್ದಕ್ಕೆ ಉತ್ತರ ಬರಲಿಲ್ಲ, ಅದಕ್ಕೆ ರಿಸೆಟ್ ಮಾಡಿದೆ ಅಂತ ಅದರ ಅರ್ಥ. ಸರಿ, ಉತ್ತರ ಯಾಕೆ ಬರಲಿಲ್ಲ? ಡ್ರೈವ್ ಕೆಟ್ಟಿರಬಹುದು. ವಿದ್ಯುತ್ ಉಳಿಸಲು ಸಾಟಾ ಸಂಪರ್ಕ ನಿದ್ದೆಗೆ ಹೋಗಿ ಏಳದೇ ಇರಬಹುದು. ಇಲ್ಲವೇ ನಡುವಿನ ದಾರಿಯಲ್ಲೇ ತೊಂದರೆ ಇರಬಹುದು.

ನಿದ್ದೆಯದನ್ನು ಪರೀಕ್ಷಿಸುವುದು ಸುಲಭ. ಪವರ್ ಪ್ಲಾನ್ ಅನ್ನು ಹೈ ಪರ್ಫಾರ್ಮೆನ್ಸ್‌ಗೆ ಇಟ್ಟೆ. ಅನೇಕರಿಗೆ ಇಷ್ಟರಲ್ಲೇ ಗುಣ ಸಿಗುತ್ತದೆ, ಮೊದಲು ಇದನ್ನೇ ಮಾಡಿ. ನನ್ನದರಲ್ಲಿ ಹ್ಯಾಂಗ್ ನಿಲ್ಲಲಿಲ್ಲ. ಬಯಾಸ್‌ನಲ್ಲಿ, ಅಂದರೆ ವಿಂಡೋಸ್ ಏಳುವ ಮೊದಲೇ ತೆರೆಯುವ ಸೆಟ್ಟಿಂಗ್‌ನಲ್ಲಿ, ಸಾಟಾ ಮೋಡ್ ಎಎಚ್‌ಸಿಐ ಇದೆಯೇ ಎಂದೂ ನೋಡಿದೆ, ಇತ್ತು. ಡ್ರೈವ್ ಜೊತೆ ಮಾತಾಡುವ ಹೊಸ ವಿಧಾನ ಅದು, ಐಡಿಇ ಹಳೆಯದು. ನಿಮ್ಮಲ್ಲಿ ಐಡಿಇ ಇದ್ದರೆ ಥಟ್ಟನೆ ಬದಲಿಸಬೇಡಿ, ವಿಂಡೋಸ್ ನೀಲಿ ಪರದೆ ತೋರಿಸಿ ಏಳದೇ ಹೋಗಬಹುದು. ಮುಂದಿನ ಸಲ ಸೇಫ್ ಮೋಡ್‌ನಲ್ಲಿ ಏಳುವಂತೆ ಹೇಳಿಟ್ಟು, ಆಮೇಲೆ ಬಯಾಸ್‌ನಲ್ಲಿ ಬದಲಿಸಿ. ಸೇಫ್ ಮೋಡ್‌ನಲ್ಲಿ ಎದ್ದ ಮೇಲೆ ಆ ಸೇಫ್ ಮೋಡ್ ಸೂಚನೆ ತೆಗೆದರೆ ವಿಂಡೋಸ್ 10 ತಾನೇ ಹೊಂದಿಕೊಳ್ಳುತ್ತದೆ.

ಡ್ರೈವ್ ಕೆಟ್ಟಿದೆಯೇ ಎಂದು ಡ್ರೈವ್‌ನನ್ನೇ ಕೇಳಬಹುದು. ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಅನ್ನುವ ಉಚಿತ ತಂತ್ರಾಂಶ ಹಾಕಿಕೊಳ್ಳಿ. ಅದು ಡ್ರೈವ್ ಒಳಗಿನ ಆರೋಗ್ಯದ ಲೆಕ್ಕವನ್ನು ಓದಿ ತೋರಿಸುತ್ತದೆ. ನನ್ನದರಲ್ಲಿ ಕೆಟ್ಟ ಬ್ಲಾಕ್‌ಗಳ ಲೆಕ್ಕ ಸೊನ್ನೆ. ಆದರೆ ಸಿ7 ಎಂಬ ಸಾಲಿನಲ್ಲಿ ಅಂಕಿ ಏರುತ್ತಿತ್ತು. ಅದು ಸಿಆರ್‌ಸಿ ದೋಷಗಳ ಲೆಕ್ಕ. ಮದರ್‌ಬೋರ್ಡಿಗೂ ಡ್ರೈವ್‌ಗೂ ನಡುವೆ ಸಾಗುವಾಗ ಮಾಹಿತಿ ಕೆಟ್ಟರೆ ಇಲ್ಲಿ ಒಂದು ಸೇರುತ್ತದೆ. ಮಾಹಿತಿ ಡ್ರೈವ್ ಒಳಗೆ ಕೆಟ್ಟದ್ದಲ್ಲ, ದಾರಿಯಲ್ಲಿ ಕೆಟ್ಟದ್ದು. ಈ ತಂತ್ರಾಂಶ ಅಂಕಿಗಳನ್ನು ಹೆಕ್ಸಾದಲ್ಲಿ (ಹದಿನಾರರ ಎಣಿಕೆಯಲ್ಲಿ) ತೋರಿಸುತ್ತದೆ, ಸೆಟ್ಟಿಂಗ್‌ನಲ್ಲಿ ದಶಮಾಂಶಕ್ಕೆ ಬದಲಿಸಿಕೊಂಡರೆ ಗೊಂದಲ ಇರುವುದಿಲ್ಲ. ಮೇಲ್ಗಡೆ ಟ್ರಾನ್ಸ್‌ಫರ್ ಮೋಡ್ ಎಂದೂ ಇರುತ್ತದೆ. ಅಲ್ಲಿ ಸಾಟಾ 600 ಇರಬೇಕಾದ ಕಡೆ ನನ್ನದು ಕೆಲವೊಮ್ಮೆ 300ಕ್ಕೆ ಇಳಿದಿರುತ್ತಿತ್ತು. ಸಂಪರ್ಕ ಪದೇ ಪದೇ ತಪ್ಪಿದಾಗ ವೇಗ ತಗ್ಗಿಸಿಕೊಂಡು ನಡೆಯುವುದು ಅದರ ಸ್ವಭಾವ.

ಖಾತ್ರಿಗೆ ಇನ್ನೊಂದು ಕೆಲಸ ಮಾಡಿದೆ. ಡಿವಿಡಿ ಡ್ರೈವ್ ತೆಗೆದು, ಅದರ ಜಾಗಕ್ಕೆ ಕೂರುವ ಕ್ಯಾಡಿಯಲ್ಲಿ ಎಸ್‌ಎಸ್‌ಡಿ ಇಟ್ಟು ಓಡಿಸಿದೆ. ವೇಗ ಅರ್ಧಕ್ಕೆ ಇಳಿಯಿತು. ಹಳೆ ಲ್ಯಾಪ್‌ಟಾಪ್‌ಗಳಲ್ಲಿ ಆ ಪೋರ್ಟ್ ಹೆಚ್ಚಾಗಿ ಸಾಟಾ 2, ಸೆಕೆಂಡಿಗೆ 270–280 ಎಂಬಿ ದಾಟುವುದಿಲ್ಲ. ಆದರೆ ಇಡೀ ದಿನ ಒಂದೂ ಹ್ಯಾಂಗ್ ಇಲ್ಲ, ಸಿ7 ಅಂಕಿ ಅಲ್ಲಾಡಲಿಲ್ಲ. ಡ್ರೈವ್ ನಿರಪರಾಧಿ ಎಂದು ಅಲ್ಲಿಗೆ ತೀರ್ಮಾನವಾಯಿತು.

ರಿಪೇರಿ ಹುಡುಗ ಲ್ಯಾಪ್‌ಟಾಪ್ ಬಿಚ್ಚಿ ನೋಡಿದ. ಹಾರ್ಡ್ ಡಿಸ್ಕ್ ಜಾಗದಿಂದ ಬೋರ್ಡಿಗೆ ಹೋಗುವುದು ತೆಳ್ಳಗಿನ ಪಟ್ಟಿ ಕೇಬಲ್.

"ಡ್ರೈವ್ ಚಲೋ ಅದ್ರಿ ಸರ್. ಈ ಪಟ್ಟಿ ನೋಡ್ರಿ, ಇಲ್ಲಿ ಮಡಚಿ ಮಡಚಿ ಸೀಳ್ಯಾದ."

"ಮತ್ತ ಹಳೆ ಡಿಸ್ಕ್ ಹೆಂಗ ನಡೀತಿತ್ತು?"

"ಅದಕ್ಕೇನ್ ಅವಸರ ಇತ್ರಿ? ಹೊಸದು ಹೈದರಾಬಾದಿಂದ ತರಸ್ಬೇಕು. ನಾಕ್ ದಿನ ತಡೀರಿ."

ಅವನ ಮಾತಿನಲ್ಲಿ ಪೂರ್ತಿ ತಾಂತ್ರಿಕ ಸತ್ಯ ಇದೆ. ಆ ಹಾರ್ಡ್ ಡಿಸ್ಕ್ ಮಾತಾಡುತ್ತಿದ್ದದ್ದೇ ಸೆಕೆಂಡಿಗೆ 3 ಗಿಗಾಬಿಟ್ ವೇಗದಲ್ಲಿ. ಎಸ್‌ಎಸ್‌ಡಿ ಬಂದ ಮೇಲೆ ಅದೇ ಪಟ್ಟಿಯ ಮೇಲೆ 6 ಗಿಗಾಬಿಟ್ ಓಡಬೇಕಾಯಿತು. ಹಳೆ ಪೈಪ್‌ಲೈನ್‌ಗೆ ಹೊಸ ಮೋಟರ್ ಕೂರಿಸಿದರೆ ಅಲ್ಲಿಯವರೆಗೆ ಕಾಣದ ಬಿರುಕಿನಿಂದ ನೀರು ಚಿಮ್ಮುತ್ತದಲ್ಲ, ಹಾಗೆ. ಕೇಬಲ್ ಬದಲಾದ ಮೇಲೆ ಆ ಹ್ಯಾಂಗ್ ಇವತ್ತಿನವರೆಗೂ ಬಂದಿಲ್ಲ. ಕೇಬಲ್‌ಗೆ ಹೋದದ್ದು ಕೆಲವೇ ನೂರು ರೂಪಾಯಿ. ಒಂದು ವಿಷಯ ನೆನಪಿಡಿ: ಸಿ7 ಅಂಕಿ ಯಾವತ್ತೂ ಸೊನ್ನೆಗೆ ಮರಳುವುದಿಲ್ಲ. ಹಳೆ ಅಂಕಿ ನೋಡಿ ಗಾಬರಿ ಆಗಬೇಡಿ. ಬರೆದಿಟ್ಟುಕೊಂಡು, ಏರುತ್ತಿದೆಯೇ ಎಂದು ಮಾತ್ರ ನೋಡಿ. ಕೇಬಲ್ ತರಿಸುವಾಗ ಲ್ಯಾಪ್‌ಟಾಪ್ ಮಾದರಿ ಹೇಳಿದರೆ ಸಾಲದು, ಪಟ್ಟಿಯ ಮೇಲೇ ಅಚ್ಚಾಗಿರುವ ಪಾರ್ಟ್ ನಂಬರ್ ಫೋಟೊ ತೆಗೆದು ಕಳಿಸಿ. ಒಂದೇ ಮಾದರಿಗೆ ಬೇರೆ ಬೇರೆ ಉದ್ದದ ಪಟ್ಟಿಗಳು ಇರುತ್ತವೆ.

ಇನ್ನು ದಿನನಿತ್ಯದ ಬಳಕೆ. ಇಲ್ಲಿ ಏಪ್ರಿಲ್, ಮೇ ಬಂದರೆ ಸರ್ಕಾರಿ ಕಚೇರಿಗಳೇ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರ ವೇಳೆಗೆ ಬದಲಾಗುತ್ತವೆ. 42–43 ಡಿಗ್ರಿ ಮಾಮೂಲಿ. ನನ್ನ ಕೋಣೆಯಲ್ಲಿ ಫ್ಯಾನ್ ಬಿಟ್ಟರೆ ಬೇರೇನಿಲ್ಲ. ಹಾರ್ಡ್ ಡಿಸ್ಕ್ ಇದ್ದಾಗ ಮಧ್ಯಾಹ್ನ ಎಡಗೈ ಇಡುವ ಜಾಗ ಸುಡುತ್ತಿತ್ತು. ಸಾಟಾ ಎಸ್‌ಎಸ್‌ಡಿಗಳನ್ನು ಸಾಮಾನ್ಯವಾಗಿ 70 ಡಿಗ್ರಿವರೆಗೆ ಕೆಲಸ ಮಾಡುವಂತೆ ತಯಾರಿಸುತ್ತಾರೆ. ನನ್ನದು ಕಡು ಬೇಸಿಗೆಯಲ್ಲೂ ಅದರ ಹತ್ತಿರ ಹೋಗಿಲ್ಲ. ಸ್ಕೂಟರ್‌ನಲ್ಲಿ ಲ್ಯಾಪ್‌ಟಾಪ್ ಒಯ್ಯುವಾಗ ಗುಂಡಿಗೆ ಹೆದರುವುದೂ ತಪ್ಪಿತು.

ಬಾಳಿಕೆಯ ಬಗ್ಗೆ ಜನ ತುಂಬಾ ಕೇಳುತ್ತಾರೆ. ನನ್ನ ಡ್ರೈವ್‌ಗೆ ಕಂಪನಿ ಹೇಳಿದ ಮಿತಿ 120 ಟಿಬಿ ಬರಹ. ದಿನಕ್ಕೆ 15 ಜಿಬಿ ಬರೆದರೂ ಅದು ಮುಗಿಯಲು ಇಪ್ಪತ್ತು ವರ್ಷ ಮೀರುತ್ತದೆ. ಆರೋಗ್ಯದ ಲೆಕ್ಕ ಈಗ 94%. ಚದುರಿದ ಫೈಲ್‌ಗಳನ್ನು ಒಟ್ಟುಗೂಡಿಸುವ ಡಿಫ್ರಾಗ್ ಮಾಡಿಸುವ ಅಗತ್ಯ ಇಲ್ಲ. ವಿಂಡೋಸ್ 10 ಎಸ್‌ಎಸ್‌ಡಿಯನ್ನು ಗುರುತಿಸಿ, ಆಪ್ಟಿಮೈಸ್ ಮಾಡುವಾಗ ಟ್ರಿಮ್ ಕಳಿಸುತ್ತದೆ. ಅಳಿಸಿದ ಜಾಗ ಯಾವುದು ಎಂದು ಡ್ರೈವ್‌ಗೆ ತಿಳಿಸುವ ಕೆಲಸ ಅದು. ಇದರಿಂದ ಒಂದು ತೊಂದರೆಯೂ ಇದೆ: ಟ್ರಿಮ್ ಆದ ಮೇಲೆ, ಕೈತಪ್ಪಿ ಅಳಿಸಿದ ಫೈಲನ್ನು ಹಾರ್ಡ್ ಡಿಸ್ಕಿನಿಂದ ತೆಗೆದಂತೆ ವಾಪಸ್ ತೆಗೆಯಲು ಆಗುವುದಿಲ್ಲ.

ಕೊರತೆ ಇಲ್ಲವೆಂದಲ್ಲ. ಇದು ಡಿರ್ಯಾಮ್ (ಡ್ರೈವ್‌ನದೇ ವೇಗದ ಮೆಮೊರಿ ಚಿಪ್) ಇಲ್ಲದ ಅಗ್ಗದ ಮಾದರಿ. ಮದುವೆ ವಿಡಿಯೊದಂಥ ಹತ್ತಾರು ಜಿಬಿ ಒಟ್ಟಿಗೆ ನಕಲು ಮಾಡಿದರೆ ಮೊದಲು ಜೋರಾಗಿ ಹೋಗಿ, ಆಮೇಲೆ ವೇಗ ತಟ್ಟನೆ ಬೀಳುತ್ತದೆ. ಒಳಗಿನ ವೇಗದ ಕ್ಯಾಶ್ ತುಂಬಿದ್ದೇ ಕಾರಣ. ವಿಡಿಯೊ ಎಡಿಟಿಂಗ್ ಮಾಡುವವರು ಒಂದು ಮೆಟ್ಟಿಲು ಮೇಲಿನದು ಕೊಳ್ಳಿ. ನನ್ನಂಥ ಕೆಲಸಕ್ಕೆ ಇದು ಸಾಕು. ಡ್ರೈವ್ ಮುಕ್ಕಾಲಿಗಿಂತ ಜಾಸ್ತಿ ತುಂಬದಂತೆ ನೋಡಿಕೊಳ್ಳುತ್ತೇನೆ.

ರ್ಯಾಮ್ ಅನ್ನೂ 8 ಜಿಬಿ ಮಾಡಿಸಿದೆ. 4 ಜಿಬಿಯಲ್ಲಿ ಬ್ರೌಸರ್ ತೆರೆದರೆ ಸಾಕು, ವಿಂಡೋಸ್ ಡ್ರೈವ್ ಮೇಲೆ ಪೇಜ್ ಫೈಲ್ ಬರೆಯುತ್ತಲೇ ಇರುತ್ತದೆ. ಮೂರನೇ ತಲೆಮಾರಿನದಕ್ಕೆ ಡಿಡಿಆರ್3 ಆಗುತ್ತದೆ. ನಾಲ್ಕನೆಯದಾದರೆ ಕಡಿಮೆ ವೋಲ್ಟೇಜಿನ ಡಿಡಿಆರ್3ಎಲ್ ಕೇಳಿ ತನ್ನಿ.

ಹಳೆ ಹಾರ್ಡ್ ಡಿಸ್ಕನ್ನು ಯುಎಸ್‌ಬಿ ಡಬ್ಬಿಯಲ್ಲಿ ಹಾಕಿ ಬ್ಯಾಕಪ್‌ಗೆ ಇಟ್ಟುಕೊಂಡಿದ್ದೇನೆ. ಬೀರುವಿನಲ್ಲಿ ವರ್ಷಗಟ್ಟಲೆ ಸುಮ್ನೆ ಇಡುವ ಫೈಲ್‌ಗಳಿಗೆ ಅದೇ ಮೇಲು. ಎಸ್‌ಎಸ್‌ಡಿ ಮಾಹಿತಿಯನ್ನು ವಿದ್ಯುತ್ ಚಾರ್ಜಿನ ರೂಪದಲ್ಲಿ ಹಿಡಿದಿಡುತ್ತದೆ. ಕರೆಂಟ್ ಕಾಣದೆ ಬಹಳ ಕಾಲ ಬಿಸಿಲೂರಿನ ಸೆಕೆಯಲ್ಲಿ ಬಿದ್ದಿದ್ದರೆ, ಅದರಲ್ಲೂ ಚೆನ್ನಾಗಿ ಸವೆದ ಡ್ರೈವ್ ಆದರೆ, ಆ ಚಾರ್ಜ್ ಸೋರುತ್ತದೆ.

ಈಗ ಇದೇ ದಾರಿ ಹಿಡಿಯುವವರು ಒಂದನ್ನು ಯೋಚಿಸಿ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11 ಅಧಿಕೃತವಾಗಿ ಇಂಟೆಲ್‌ನ ಎಂಟನೇ ತಲೆಮಾರು ಮತ್ತು ಟಿಪಿಎಂ 2.0 ಅನ್ನುವ ಭದ್ರತಾ ವ್ಯವಸ್ಥೆ ಕೇಳುತ್ತದೆ. ನಮ್ಮ ಯಂತ್ರಗಳಲ್ಲಿ ಎರಡೂ ಇಲ್ಲ, ಎಸ್‌ಎಸ್‌ಡಿ ಹಾಕಿದ್ದರಿಂದ ಅದು ಬರುವುದೂ ಇಲ್ಲ. ನಾನು ಡ್ರೈವ್‌ನ ಒಂದು ಭಾಗದಲ್ಲಿ ಲಿನಕ್ಸ್ ಮಿಂಟ್ ಅನ್ನುವ ಉಚಿತ ಆಪರೇಟಿಂಗ್ ಸಿಸ್ಟಮ್ ಹಾಕಿಕೊಂಡೆ. ಬ್ಯಾಂಕ್, ಇಮೇಲ್, ಆನ್‌ಲೈನ್ ಅರ್ಜಿ ಎಲ್ಲ ಅದರಲ್ಲೇ. ಪೇಜ್‌ಮೇಕರ್, ನುಡಿ ಇರುವ ವಿಂಡೋಸ್ ಕಡೆ ಈಗ ಇಂಟರ್‌ನೆಟ್ ಕೊಟ್ಟಿಲ್ಲ. ಒಂದರಿಂದ ಇನ್ನೊಂದಕ್ಕೆ ಹೋಗಲು ಒಂದು ನಿಮಿಷವೂ ಹಿಡಿಯುವುದಿಲ್ಲ.