ವಾರಂಟ್ ಇಲ್ಲದೆ ಮನೆ ಶೋಧನೆಗೆ ಬಂದರೆ ಖಾಲಿ ಹಾಳೆಗೆ ಸಹಿ ಹಾಕಬೇಡಿ

ದಾವಣಗೆರೆಯಲ್ಲಿ ಮಂಡಕ್ಕಿ ವ್ಯಾಪಾರ ಮಾಡಿಕೊಂಡಿರುವ ನಮ್ಮ ಚಿಕ್ಕಪ್ಪನವರ ಮನೆಗೆ ಕಳೆದ ಮಳೆಗಾಲದಲ್ಲಿ ಒಂದು ರಾತ್ರಿ ಪೊಲೀಸರು ಬಂದರು. ಅವರ ಭಟ್ಟಿಯಲ್ಲಿ ಕೆಲಸಕ್ಕಿದ್ದ ಹುಡುಗನ ಮೇಲೆ ಕಳವಿನ ಆರೋಪವಿತ್ತು. ವಾರಂಟ್ ಇದೆಯೇ ಎಂದು ಕೇಳಿದ್ದಕ್ಕೆ, ಅದು ಬೇಕಿಲ್ಲ ಎಂಬ ಉತ್ತರ ಬಂತು. ಬೀರುವಿನ ಬಟ್ಟೆಗಳನ್ನೆಲ್ಲ ನೆಲಕ್ಕೆ ಸುರಿದರು, ಅಕ್ಕಿ ಡಬ್ಬಿಗೆ ಮೊಣಕೈವರೆಗೆ ಕೈ ಹಾಕಿ ತಡಕಾಡಿದರು. ಹೊರಡುವಾಗ ಚಿಕ್ಕಪ್ಪನವರ ಮೊಬೈಲನ್ನೂ, ಅಂಗಡಿಗಳಿಂದ ಬರಬೇಕಾದ ಬಾಕಿಯನ್ನೆಲ್ಲ ಬರೆದಿಟ್ಟಿದ್ದ ಕೆಂಪು ರಟ್ಟಿನ ಲೆಕ್ಕದ ಪುಸ್ತಕವನ್ನೂ ತೆಗೆದುಕೊಂಡು, ಖಾಲಿ ಹಾಳೆಯೊಂದರ ಕೆಳಗೆ ಅವರಿಂದ ಸಹಿ ಮಾಡಿಸಿಕೊಂಡರು. ಅಕ್ಕಪಕ್ಕದವರನ್ನು ಕರೆಯಲಿಲ್ಲ, ತೆಗೆದುಕೊಂಡ ವಸ್ತುಗಳ ಪಟ್ಟಿಯ ಪ್ರತಿಯನ್ನೂ ಕೊಡಲಿಲ್ಲ.

ವಾರಂಟ್ ಬೇಕಿಲ್ಲ ಎಂಬ ಮಾತು ಅರ್ಧ ಮಾತ್ರ ನಿಜ. ಅಪರಾಧಗಳ ತನಿಖೆ, ವಿಚಾರಣೆ ಹೇಗೆ ನಡೆಯಬೇಕೆಂದು ಹೇಳುವ, 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 185ನೇ ಕಲಂ ಪ್ರಕಾರ, ತನಿಖೆಗೆ ಬೇಕಾದ ವಸ್ತು ಒಂದು ಜಾಗದಲ್ಲಿದೆಯೆಂದು ನಂಬಲು ಸಕಾರಣವಿದ್ದು, ವಾರಂಟ್ ತರುವಷ್ಟರಲ್ಲಿ ಅನುಚಿತ ವಿಳಂಬವಾಗುವುದಾದರೆ, ಠಾಣಾಧಿಕಾರಿ ಅಥವಾ ತನಿಖಾಧಿಕಾರಿ ವಾರಂಟ್ ಇಲ್ಲದೆಯೂ ಶೋಧನೆ ನಡೆಸಬಹುದು. ಆದರೆ ಆ ಕಾರಣವನ್ನೂ, ಹುಡುಕುತ್ತಿರುವ ವಸ್ತು ಯಾವುದೆಂಬುದನ್ನೂ ಸಾಧ್ಯವಿದ್ದಷ್ಟು ಸ್ಪಷ್ಟವಾಗಿ ಮೊದಲೇ ಬರವಣಿಗೆಯಲ್ಲಿ ದಾಖಲಿಸಬೇಕು. ಅಧಿಕಾರಿ ತಾವೇ ಬರಲಾಗದಿದ್ದರೆ ಕೆಳಗಿನವರಿಗೆ ಲಿಖಿತ ಆದೇಶ ಕೊಟ್ಟು ಕಳುಹಿಸಬೇಕು. ಇದಕ್ಕೂ ಮೊದಲಿದ್ದ ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 165ನೇ ಕಲಮಿನಲ್ಲೂ ಇದೇ ಷರತ್ತುಗಳಿದ್ದವು. ಕಾರಣ ದಾಖಲಿಸುವುದು ಕಡ್ಡಾಯವೆಂದು ಸುಪ್ರೀಂ ಕೋರ್ಟ್ 1959ರಷ್ಟು ಹಿಂದೆಯೇ ಹೇಳಿದೆ. ಹೊಸ ಕಾನೂನು ಇದಕ್ಕೆ ವಿಡಿಯೋ ಚಿತ್ರೀಕರಣವನ್ನೂ ಸೇರಿಸಿದೆ.

ಹೊಸ ಸಂಹಿತೆಯ 103ನೇ ಕಲಂ ಮನೆಯವರಿಗೆ ಇನ್ನೂ ಹತ್ತಿರದ್ದು. ಶೋಧನೆಯ ವೇಳೆ ಮನೆಯವರು ಜೊತೆಗಿರಬಹುದು. ಕನಿಷ್ಠ ಇಬ್ಬರು ಸ್ವತಂತ್ರ ಪಂಚರ, ಅಂದರೆ ಸಾಕ್ಷಿಗಳಾಗಿ ಕರೆದ ಸ್ಥಳೀಯರ, ಸಮಕ್ಷಮದಲ್ಲಿ ಜಪ್ತಿ ಪಟ್ಟಿ (ಮಹಜರು) ತಯಾರಾಗಬೇಕು. ಅದರ ಪ್ರತಿ ಮನೆಯವರ ಕೈ ಸೇರಬೇಕು. ಹೆಂಗಸರನ್ನು ಹೆಂಗಸರೇ, ಮರ್ಯಾದೆಗೆ ಕುಂದು ಬಾರದಂತೆ ತಪಾಸಣೆ ಮಾಡಬೇಕು.

ಹಾಗೆಂದು ಬಾಗಿಲಿಗೆ ಅಡ್ಡ ನಿಂತು ತಳ್ಳಾಟಕ್ಕೆ ಇಳಿಯಬೇಡಿ, ಅದು ಇನ್ನೊಂದು ಪ್ರಕರಣಕ್ಕೆ ದಾರಿಯಾಗುತ್ತದೆ. ಅಧಿಕಾರಿಯ ಹೆಸರು, ಠಾಣೆ, ಪ್ರಕರಣದ ಸಂಖ್ಯೆ ಕೇಳಿ ಬರೆದುಕೊಳ್ಳಿ, ನೆರೆಯವರನ್ನು ಕರೆಯಿರಿ, ಪಟ್ಟಿಯನ್ನು ಓದಿ ನೋಡದೆ ಸಹಿ ಮಾಡಬೇಡಿ. ಶೋಧನೆ ಕಾನೂನುಬಾಹಿರವಾಗಿದ್ದರೆ ಸಿಕ್ಕ ವಸ್ತು ತಾನಾಗಿಯೇ ಸಾಕ್ಷ್ಯದಿಂದ ಹೊರಗುಳಿಯುತ್ತದೆ ಎಂದು ಅನೇಕರು ನಂಬಿದ್ದಾರೆ. ನಮ್ಮ ನ್ಯಾಯಾಲಯಗಳು ಆ ನಿಲುವನ್ನು ಒಪ್ಪಿಲ್ಲವಾದ್ದರಿಂದ, ಆ ಕ್ಷಣದಲ್ಲಿ ಕೇಳಿ ಪಡೆದ ಕಾಗದಕ್ಕೇ ಹೆಚ್ಚು ಬೆಲೆ.

ಚಿಕ್ಕಪ್ಪನವರು ವಸ್ತುಗಳನ್ನು ಬಿಡಿಸಿಕೊಳ್ಳಲು ಹೊಸ ಸಂಹಿತೆಯ 503ನೇ ಕಲಮಿನಡಿ ಅರ್ಜಿ ಹಾಕಿದ್ದಾರೆ. ಮಹಜರಿನ ಪ್ರತಿಯಿಲ್ಲದ ಕಾರಣ ಲೆಕ್ಕದ ಪುಸ್ತಕ ಪೊಲೀಸರ ಬಳಿ ಇದೆಯೆಂದು ತೋರಿಸುವುದೇ ಕಷ್ಟವಾಗಿದೆ; ಬಾಕಿ ಉಳಿಸಿಕೊಂಡ ಅಂಗಡಿಯವರಲ್ಲಿ ಕೆಲವರು ಈಗ ಲೆಕ್ಕ ತೋರಿಸಿ ಎನ್ನುತ್ತಿದ್ದಾರೆ. ಶೋಧನೆಯ ಕಾರಣ ಬರೆದ ದಾಖಲೆ 48 ಗಂಟೆಗಳೊಳಗೆ ಮ್ಯಾಜಿಸ್ಟ್ರೇಟರಿಗೆ ತಲುಪಬೇಕು, ಮನೆಯವರು ಅರ್ಜಿ ಕೊಟ್ಟರೆ ಅದರ ಪ್ರತಿ ಉಚಿತವಾಗಿ ಸಿಗಬೇಕು. ವಕೀಲರ ಸಲಹೆಯಂತೆ ಅವರು ಈಗ ಆ ಪ್ರತಿಯನ್ನೂ ಕೇಳಿದ್ದಾರೆ.