ಪಿಂಚಣಿ ವಂತಿಗೆಗೆ ತೆರಿಗೆ ರಿಯಾಯಿತಿ: ಇಂಗ್ಲೆಂಡಿನ ಮೂರು ಪದ್ಧತಿಗಳು, ನನ್ನ ಅನುಭವ

ಇಂಗ್ಲೆಂಡಿನಲ್ಲಿ ನೌಕರಿ ಬದಲಾದರೆ ಪಿಂಚಣಿ ವಂತಿಗೆಗೆ ತೆರಿಗೆ ರಿಯಾಯಿತಿ ಸಿಗುವ ದಾರಿಯೂ ಬದಲಾಗಬಹುದು. ನೆಟ್ ಪೇ, ರಿಲೀಫ್ ಅಟ್ ಸೋರ್ಸ್, ಸ್ಯಾಲರಿ ಸ್ಯಾಕ್ರಿಫೈಸ್ ಮೂರರಲ್ಲೂ ನಾನು ಹಣ ಕಟ್ಟಿದ್ದೇನೆ. ಈಗಿರುವ ಸ್ಯಾಲರಿ ಸ್ಯಾಕ್ರಿಫೈಸ್ ಬಿಟ್ಟು ಹಿಂದಿನವಕ್ಕೆ ಮರಳುವ ಮನಸ್ಸು ನನಗಿಲ್ಲ. ಆಯ್ಕೆ ಸಾಮಾನ್ಯವಾಗಿ ಕಂಪನಿಯದೇ ಆದ್ದರಿಂದ, ಹೊಸ ಕೆಲಸ ಒಪ್ಪಿಕೊಳ್ಳುವ ಮುನ್ನವೇ ಇದನ್ನು ಕೇಳಿ ತಿಳಿಯುವುದು ಒಳ್ಳೆಯದು.

ರಿಲೀಫ್ ಅಟ್ ಸೋರ್ಸ್‌ನಲ್ಲಿ ತೆರಿಗೆ ಮುರಿದುಕೊಂಡ ಸಂಬಳದಿಂದ ವಂತಿಗೆ ಹೋಗುತ್ತದೆ. 80 ಪೌಂಡ್ ಕಟ್ಟಿದರೆ ಪಿಂಚಣಿ ಸಂಸ್ಥೆಯು ಅಲ್ಲಿನ ತೆರಿಗೆ ಇಲಾಖೆಯಾದ ಎಚ್‌ಎಂಆರ್‌ಸಿಯಿಂದ 20 ಪೌಂಡ್ ಪಡೆದು ಖಾತೆಗೆ ಸೇರಿಸುತ್ತದೆ. ಶೇ 20ರ ದರದವರಿಗೆ ಲೆಕ್ಕ ಅಲ್ಲಿಗೆ ಮುಗಿಯಿತು. ಆದರೆ ಆದಾಯ 50,270 ಪೌಂಡ್ ದಾಟಿ ಶೇ 40ರ ಹಂತ ಮುಟ್ಟಿದವರಿಗೆ ಉಳಿದ ಶೇ 20 ತಾನಾಗಿ ಬರುವುದಿಲ್ಲ. ನಾವೇ ತುಂಬಿ ಸಲ್ಲಿಸುವ ಸೆಲ್ಫ್ ಅಸೆಸ್‌ಮೆಂಟ್ ತೆರಿಗೆ ರಿಟರ್ನಿನಲ್ಲೋ ಪ್ರತ್ಯೇಕ ಅರ್ಜಿಯಲ್ಲೋ ಅದನ್ನು ಕೇಳಿ ಪಡೆಯಬೇಕು.

ನನ್ನನ್ನು ಕಾಡಿದ್ದು ಈ ಕೇಳಿ ಪಡೆಯುವ ಕೆಲಸವೇ. ಪೇಸ್ಲಿಪ್‌ನಲ್ಲಿ ತಿಂಗಳಿಗೆ 240 ಪೌಂಡ್ ಎಂದಿರುತ್ತಿತ್ತು. ಪಿಂಚಣಿ ಸಂಸ್ಥೆಯ ಸ್ಟೇಟ್‌ಮೆಂಟಿನಲ್ಲಿ ಅದೇ 240, ಕೆಲವು ವಾರಗಳ ನಂತರ ಬರುವ 60, ಇವೆರಡರ ನಡುವೆ ಕಂಪನಿಯ ಪಾಲು, ಹೀಗೆ ಬೇರೆ ಬೇರೆ ಸಾಲುಗಳು. ಅರ್ಜಿಯಲ್ಲಿ ತುಂಬಬೇಕಾದದ್ದು ಕಂಪನಿಯ ಪಾಲನ್ನು ಬಿಟ್ಟು, 60ನ್ನು ಸೇರಿಸಿ ಬರುವ ಮೊತ್ತ, ಅಂದರೆ ವರ್ಷಕ್ಕೆ 3,600. ಪೇಸ್ಲಿಪ್ ನಂಬಿ 2,880 ಎಂದು ಬರೆದರೆ 720ರ ಬದಲು 576 ಪೌಂಡ್ ಮಾತ್ರ ಬರುತ್ತದೆ.

ಇದರ ಮೇಲೆ, ತೆರಿಗೆ ವರ್ಷ ಏಪ್ರಿಲ್ 5ಕ್ಕೆ ಮುಗಿಯುವುದರಿಂದ ಕೊನೆಯ ತಿಂಗಳುಗಳ 60 ಪೌಂಡ್ ಮುಂದಿನ ವರ್ಷದ ಸ್ಟೇಟ್‌ಮೆಂಟಿಗೆ ಜಾರಿ, ಸಾಲುಗಳನ್ನು ಕೂಡಿದರೆ ಮೊತ್ತ ತಾಳೆಯಾಗುವುದೇ ಇಲ್ಲ. ರಿಯಾಯಿತಿಯನ್ನು ಟ್ಯಾಕ್ಸ್ ಕೋಡ್ (ಸಂಬಳದಿಂದ ಎಷ್ಟು ತೆರಿಗೆ ಮುರಿಯಬೇಕೆಂದು ಕಂಪನಿಗೆ ತಿಳಿಸುವ ಸಂಕೇತ) ಮೂಲಕ ಕೊಟ್ಟಾಗ, ವಂತಿಗೆ ಬದಲಾದರೆ ಮತ್ತೆ ತಿಳಿಸಬೇಕು. ಹಿಂದಿನ 4 ತೆರಿಗೆ ವರ್ಷಗಳಿಗೆ ಅರ್ಜಿ ಹಾಕಬಹುದೆಂಬುದೊಂದೇ ಸಮಾಧಾನ.

ನೆಟ್ ಪೇಯಲ್ಲಿ ಈ ಗೋಳಿಲ್ಲ. ವಂತಿಗೆ ಕಳೆದ ಮೇಲೆಯೇ ತೆರಿಗೆ ಲೆಕ್ಕ ಹಾಕುವುದರಿಂದ ಪೂರ್ತಿ ಶೇ 40 ಆ ತಿಂಗಳೇ ಉಳಿಯುತ್ತದೆ.

ಸ್ಯಾಲರಿ ಸ್ಯಾಕ್ರಿಫೈಸ್‌ನಲ್ಲಿ ಸಂಬಳವನ್ನೇ ಇಳಿಸಿ ಆ ಹಣವನ್ನು ಕಂಪನಿ ಪಿಂಚಣಿಗೆ ಕಟ್ಟುವುದರಿಂದ ನ್ಯಾಷನಲ್ ಇನ್ಶೂರೆನ್ಸ್ (ಸಂಬಳದಿಂದ ಮುರಿಯುವ ಸಾಮಾಜಿಕ ಭದ್ರತೆಯ ವಂತಿಗೆ) ಕೂಡ ಉಳಿಯುತ್ತದೆ. 55,000ದ ಆಸುಪಾಸಿನ ನನ್ನ ಸಂಬಳಕ್ಕೆ ಅದು ಶೇ 2, ಅಂದರೆ 3,600ರ ವಂತಿಗೆಗೆ ವರ್ಷಕ್ಕೆ ಬರೀ 72 ಪೌಂಡ್. 50,270ರೊಳಗೆ ಇರುವವರಿಗೆ ಶೇ 8ರಂತೆ 288. ಹಾಗಾಗಿ ನನ್ನ ಒಲವಿಗೆ ಕಾರಣ ಉಳಿತಾಯಕ್ಕಿಂತ ಹೆಚ್ಚಾಗಿ, ಕಾಗದಪತ್ರ ಜೋಡಿಸಿಡುವ ಶಿಸ್ತು ನನಗಿಲ್ಲದಿರುವುದು. ಒಪ್ಪಂದದ ಸಂಬಳ ಇಳಿಯುವುದರಿಂದ ಮನೆ ಸಾಲ ಕೇಳುವವರು ಮಾತ್ರ ಬ್ಯಾಂಕಿನವರು ಯಾವ ಸಂಬಳವನ್ನು ಲೆಕ್ಕಕ್ಕೆ ಹಿಡಿಯುತ್ತಾರೆಂದು ಮೊದಲೇ ವಿಚಾರಿಸಬೇಕು.

ವರ್ಷಕ್ಕೆ 11,500 ದುಡಿಯುವ ನನ್ನ ಪತ್ನಿಯ ವಿಷಯ ಬೇರೆ. 12,570ರೊಳಗಿನ ಆದಾಯಕ್ಕೆ ತೆರಿಗೆಯೇ ಇಲ್ಲದಿದ್ದರೂ ರಿಲೀಫ್ ಅಟ್ ಸೋರ್ಸ್‌ನಲ್ಲಿ ಆ ಶೇ 20 ಆಕೆಯ ಖಾತೆಗೆ ಸೇರುತ್ತದೆ. ನೆಟ್ ಪೇಯಲ್ಲಿರುವ ಇಂಥವರಿಗೆ ಸರಿದೂಗಿಸುವ ಹಣ ಕೊಡುವ ವ್ಯವಸ್ಥೆ 2024–25ರ ವಂತಿಗೆಗಳಿಂದಷ್ಟೇ ಶುರುವಾಯಿತು. ಕನಿಷ್ಠ ವೇತನಕ್ಕಿಂತ ಕೆಳಗೆ ಸಂಬಳ ಇಳಿಸುವಂತಿಲ್ಲವಾದ್ದರಿಂದ ನನ್ನ ಮೆಚ್ಚಿನ ಪದ್ಧತಿ ಆಕೆಗೆ ಒದಗುವುದೂ ಇಲ್ಲ.

2029ರ ಏಪ್ರಿಲ್‌ನಿಂದ ನ್ಯಾಷನಲ್ ಇನ್ಶೂರೆನ್ಸ್ ವಿನಾಯಿತಿಯನ್ನು ವರ್ಷಕ್ಕೆ 2,000 ಪೌಂಡ್ ವಂತಿಗೆಗೆ ಮಿತಿಗೊಳಿಸುವುದಾಗಿ ಸರ್ಕಾರ ಘೋಷಿಸಿದೆ. ಈಗಿನ ದರದಲ್ಲಿ ನನಗಾಗುವ ನಷ್ಟ 32 ಪೌಂಡ್. ಆ ಅರ್ಜಿಯ ಕೆಲಸ ತಪ್ಪುವುದಾದರೆ ಅಷ್ಟು ಕೊಡಲು ನನ್ನ ಅಭ್ಯಂತರವಿಲ್ಲ.