ಹೆರಿಗೆಯ ನಂತರದ ಹೊಟ್ಟೆಗೆ ಲೇಸರ್: ಹಣ ಕಟ್ಟುವ ಮೊದಲು ಇದನ್ನು ಓದಿ

ನಾನು ಮಂಡ್ಯದ ಹೆಣ್ಣುಮಗಳು. ಮದುವೆಯಾಗಿ ಮೈಸೂರಿಗೆ ಬಂದು ಒಂಬತ್ತು ವರ್ಷವಾಯಿತು. ಎರಡನೆಯ ಮಗು ಸಿಸೇರಿಯನ್ನಿನಲ್ಲಿ ಹುಟ್ಟಿ ಏಳು ತಿಂಗಳಾಗಿದ್ದಾಗ, ಇನ್ನೂ ಹಾಲೂಡಿಸುತ್ತಿದ್ದಾಗಲೇ, ಹೊಟ್ಟೆ ಇಳಿಸಿಕೊಳ್ಳಲೆಂದು ನಗರದ ಒಂದು ಸೌಂದರ್ಯ ಚಿಕಿತ್ಸಾಲಯದಲ್ಲಿ ಲೇಸರ್ ಚಿಕಿತ್ಸೆ ಮಾಡಿಸಿಕೊಂಡೆ. ಹೊಟ್ಟೆ ಇಳಿಯಲಿಲ್ಲ. ಸಿಸೇರಿಯನ್ ಗಾಯದ ಮೇಲ್ಭಾಗದಲ್ಲಿ ಮೂರು ಬೆರಳಗಲ ಚರ್ಮ ಸುಟ್ಟು ಕಪ್ಪು ಕಲೆಯಾಗಿ ಉಳಿಯಿತು, ಜೊತೆಗೆ 72,000 ರೂಪಾಯಿ ಸಾಲ ಉಳಿಯಿತು. ದೂರು ವಿಚಾರಣೆಯಲ್ಲಿರುವುದರಿಂದ ಚಿಕಿತ್ಸಾಲಯದ ಹೆಸರನ್ನು ಬರೆಯುತ್ತಿಲ್ಲ. ಆದರೆ ನನಗೆ ಆದದ್ದು ಯಾವ ಬಡಾವಣೆಯಲ್ಲಿ ಬೇಕಾದರೂ ಇನ್ನೊಬ್ಬ ಬಾಣಂತಿಗೆ ಆಗಬಹುದಾದ್ದರಿಂದ, ನಡೆದದ್ದನ್ನು ವಿವರವಾಗಿಯೇ ಹೇಳುತ್ತೇನೆ.

ಮೊದಲ ಹೆರಿಗೆ ಸಹಜವಾಗಿ ಆಗಿತ್ತು. ಆಗ ಅಮ್ಮ ಹಳೆಯ ಹತ್ತಿ ಸೀರೆಯಲ್ಲಿ ದಿನಾ ಬಿಗಿಯಾಗಿ ಹೊಟ್ಟೆ ಕಟ್ಟುತ್ತಿದ್ದರು. ಎರಡನೆಯ ಸಲ ಹೊಲಿಗೆ ಇದ್ದದ್ದರಿಂದ ಕಟ್ಟಲಿಲ್ಲ. ಹೊಟ್ಟೆ ಮುಂದಕ್ಕೆ ಉಬ್ಬಿಯೇ ಉಳಿದಾಗ, ‘ಬಾಣಂತನದಲ್ಲಿ ಹೊಟ್ಟೆ ಕಟ್ಟಿಸಿಕೊಳ್ಳಲಿಲ್ಲ, ಅದಕ್ಕೇ ಹೀಗೆ’ ಎಂದು ನಾಮಕರಣಕ್ಕೆ ಬಂದವರಿಂದ ಹಿಡಿದು ಪಕ್ಕದ ಮನೆಯವರವರೆಗೆ ಎಲ್ಲರೂ ಹೇಳಿದರು. ಇನ್ನೊಂದು ಮಗುವಿಗೆ ದಿನ ತುಂಬಿದೆಯೇ ಎಂದು ಮಾರುಕಟ್ಟೆಯಲ್ಲಿ ಒಬ್ಬರು ಕೇಳಿದ ದಿನ ನಾನು ಮನೆಗೆ ಬಂದು ಅತ್ತಿದ್ದೇನೆ. ಅದೇ ವಾರ ಫೋನಿನಲ್ಲಿ ‘ತಾಯಂದಿರಿಗೆ ದಸರಾ ವಿಶೇಷ ರಿಯಾಯಿತಿ, ಕತ್ತರಿ ಇಲ್ಲ, ಹೊಲಿಗೆ ಇಲ್ಲ, ನೋವಿಲ್ಲ’ ಎಂಬ ಜಾಹೀರಾತು ಬಂತು. ಮಗ್ಗುಲಲ್ಲಿ ಮಗುವನ್ನು ಮಲಗಿಸಿಕೊಂಡೇ ಸಮಯ ಕಾಯ್ದಿರಿಸಿದೆ.

ಅಲ್ಲಿ ನನ್ನೊಡನೆ ಮಾತನಾಡಿದವರು ವೈದ್ಯರಲ್ಲ, ಕೌನ್ಸೆಲರ್. ನಿಲ್ಲಿಸಿ ಅಳತೆಪಟ್ಟಿ ಹಿಡಿದರು, ಹೊಟ್ಟೆಯ ಚರ್ಮವನ್ನು ಬೆರಳುಗಳಲ್ಲಿ ಚಿವುಟಿ ‘ಪೂರ್ತಿ ಕೊಬ್ಬು, ನಾಲ್ಕು ಸಿಟ್ಟಿಂಗ್ ಸಾಕು’ ಎಂದರು, ಎರಡು ಫೋಟೋ ತೆಗೆದರು. ಇಡೀ ಭೇಟಿಯಲ್ಲಿ ಒಮ್ಮೆಯೂ ನನ್ನನ್ನು ಮಲಗಿಸಿ ಹೊಟ್ಟೆ ಮುಟ್ಟಿ ನೋಡಲಿಲ್ಲ. ಹಾಲೂಡಿಸುತ್ತಿದ್ದೇನೆಂದು ನಾನಾಗಿಯೇ ಹೇಳಿದಾಗ, ‘ಇದು ಬರೀ ಬೆಳಕು, ಹಾಲಿಗೆ ಏನೂ ಆಗುವುದಿಲ್ಲ’ ಎಂದು ಭರವಸೆ ಕೊಟ್ಟರು. ಆಮೇಲೆ ಇಂಗ್ಲಿಷಿನಲ್ಲಿದ್ದ ನಾಲ್ಕು ಪುಟದ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಸಿಕೊಂಡರು. ಗರ್ಭಿಣಿಯರು ಮತ್ತು ಹಾಲೂಡಿಸುವ ತಾಯಂದಿರು ಈ ಚಿಕಿತ್ಸೆಗೆ ಅರ್ಹರಲ್ಲ ಎಂಬ ಸಾಲು ಅದರ ಮೂರನೆಯ ಪುಟದಲ್ಲಿತ್ತು. ನಾನು ಅದನ್ನು ಓದಿದ್ದು ಸುಟ್ಟ ಮೇಲೆ, ಮನೆಯಲ್ಲಿ. ನಾನು ಹಾಲೂಡಿಸುತ್ತಿರುವ ಸಂಗತಿ ಗೊತ್ತಿದ್ದೂ ಆ ಪತ್ರವನ್ನು ನನ್ನ ಮುಂದಿಟ್ಟವರನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ.

ಈ ಯಂತ್ರದ ಕೆಲಸವನ್ನು ಸರಿಯಾಗಿ ತಿಳಿದುಕೊಂಡರೆ ಎಡವಟ್ಟು ಎಲ್ಲಾಯಿತೆಂಬುದು ಅರ್ಥವಾಗುತ್ತದೆ. ಹೊಟ್ಟೆಯ ಕೊಬ್ಬಿಗೆ ಬಳಸುವ ಲೇಸರುಗಳಲ್ಲಿ ಹೆಚ್ಚು ಪರಿಚಿತವಾದದ್ದು 1060 ನ್ಯಾನೋಮೀಟರ್ ತರಂಗಾಂತರದ್ದು. ಅದು ಚರ್ಮವನ್ನು ದಾಟಿ ಅಡಿಯ ಕೊಬ್ಬನ್ನು 42ರಿಂದ 47 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸುತ್ತದೆ. ಆ ಬಿಸಿಯಲ್ಲಿ ಸುಮಾರು 25 ನಿಮಿಷ ಇದ್ದ ಕೊಬ್ಬಿನ ಕೋಶಗಳು ಹಾಳಾಗಿ, ಮುಂದಿನ ಹಲವು ವಾರಗಳಲ್ಲಿ ದೇಹವೇ ಅವುಗಳನ್ನು ಹೊರಹಾಕುತ್ತದೆ; ಆದ್ದರಿಂದ ಫಲಿತಾಂಶ ಕಾಣಲು ಆರರಿಂದ ಹನ್ನೆರಡು ವಾರ ಬೇಕು. ಚರ್ಮ ಸುಡದಂತೆ ಯಂತ್ರದ ಪಟ್ಟಿಯೇ ಅದನ್ನು ತಂಪಾಗಿಡಬೇಕು. ಅಮೆರಿಕದ ಔಷಧ ಮತ್ತು ವೈದ್ಯಕೀಯ ಉಪಕರಣಗಳ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎ 2015ರಲ್ಲಿ ಇಂಥ ಒಂದು ಯಂತ್ರಕ್ಕೆ ಹೊಟ್ಟೆ ಮತ್ತು ಸೊಂಟದ ಪಕ್ಕಗಳಿಗೆ ಅನುಮತಿ ಕೊಟ್ಟದ್ದು ನಿಜ. ಆದರೆ ಅದು ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಅಳತೆ) 30 ಅಥವಾ ಅದಕ್ಕಿಂತ ಕಡಿಮೆ ಇರುವವರಿಗೆ, ತೂಕ ಇಳಿಸುವುದಕ್ಕಲ್ಲ, ಚರ್ಮದಡಿಯ ಕೊಬ್ಬಿನ ಪದರವನ್ನು ತೆಳುವಾಗಿಸುವುದಕ್ಕೆ ಮಾತ್ರ. ಸಡಿಲವಾಗಿ ಜೋತುಬಿದ್ದ ಚರ್ಮವನ್ನು, ಕರುಳಿನ ಸುತ್ತ ಕೂತ ಒಳಗಿನ ಕೊಬ್ಬನ್ನು, ಬೇರ್ಪಟ್ಟ ಸ್ನಾಯುಗಳನ್ನು ಈ ಲೇಸರ್ ಸರಿಪಡಿಸಲಾರದು. ‘ಎಫ್‌ಡಿಎ ಒಪ್ಪಿದ್ದು’ ಎಂದು ಗೋಡೆಗೆ ಅಂಟಿಸಿದ್ದ ಫಲಕದಲ್ಲಿ ಇದಾವುದೂ ಇರಲಿಲ್ಲ. ನನಗೆ ಬಳಸಿದ ಯಂತ್ರದ ಮೇಲೆ ತಯಾರಕರ ಹೆಸರೂ ಕಾಣಲಿಲ್ಲ.

ಮೊದಲ ಸಿಟ್ಟಿಂಗಿನಲ್ಲಿ ಹೊಟ್ಟೆಗೆ ನಾಲ್ಕು ಪಟ್ಟಿ ಬಿಗಿದು, ‘ಬಿಸಿ ತಡೆಯಲಾಗದಿದ್ದರೆ ಹೇಳಿ, ಕಡಿಮೆ ಮಾಡುತ್ತೇವೆ’ ಎಂದು ಹೇಳಿ ಹುಡುಗಿಯೊಬ್ಬಳು ಪಕ್ಕದ ಕೋಣೆಗೆ ಹೋದಳು. ಹೊಕ್ಕುಳಿನ ಮೇಲಿನ ಎರಡು ಪಟ್ಟಿಗಳಲ್ಲಿ ಚುರುಚುರು ಎನ್ನುವ ಬಿಸಿ ಗೊತ್ತಾಗುತ್ತಿತ್ತು. ಕೆಳಗಿನ ಎರಡರಲ್ಲಿ ಏನೂ ಅನ್ನಿಸಲಿಲ್ಲ, ಅಲ್ಲಿ ಕಡಿಮೆ ಇಟ್ಟಿದ್ದಾರೆಂದುಕೊಂಡೆ. ನಿಜವಾದ ಕಾರಣ ಬೇರೆ. ಸಿಸೇರಿಯನ್ನಿನಲ್ಲಿ ಕಿಬ್ಬೊಟ್ಟೆಯ ಚರ್ಮದ ಸಣ್ಣ ನರಗಳು ಕತ್ತರಿಸಿಹೋಗುವುದರಿಂದ ಗಾಯದ ಸುತ್ತ ತಿಂಗಳುಗಟ್ಟಲೆ, ಕೆಲವರಿಗೆ ವರ್ಷಗಟ್ಟಲೆ ಜೋಮು ಇರುತ್ತದೆ. ರೋಗಿಯ ಬಾಯಿಮಾತನ್ನೇ ನಂಬಿ ಬಿಸಿಯ ಮಟ್ಟ ಇಡುವ ಚಿಕಿತ್ಸೆಯನ್ನು ಬಿಸಿಯೇ ತಿಳಿಯದ ಜಾಗದ ಮೇಲೆ ನಡೆಸಿದ್ದರು. ಗಾಯದ ಬಳಿ ಚರ್ಮ ಮಡಿಚಿಕೊಂಡಿದ್ದರಿಂದ ತಂಪು ಮಾಡುವ ಪಟ್ಟಿಯೂ ಎಲ್ಲ ಕಡೆ ಸಮನಾಗಿ ಕೂತಿರಲಿಕ್ಕಿಲ್ಲವೆಂದು ಮುಂದೆ ಚರ್ಮವೈದ್ಯರು ಹೇಳಿದರು. ಸಿಸೇರಿಯನ್ ಆದ ಅಕ್ಕತಂಗಿಯರು ಬೇರೇನು ಮರೆತರೂ ಇದನ್ನು ಮರೆಯಬಾರದೆಂದು ಕೈಮುಗಿದು ಕೇಳಿಕೊಳ್ಳುತ್ತೇನೆ.

ರಾತ್ರಿ ಮಗುವಿಗೆ ಹಾಲೂಡಿಸಲು ಎದ್ದಾಗ ಒಳಲಂಗಕ್ಕೆ ನೀರು ಅಂಟಿತ್ತು. ಗುಳ್ಳೆ ಒಡೆದಿತ್ತು. ಬೆಳಿಗ್ಗೆ ಫೋನ್ ಮಾಡಿದರೆ ‘ಕೊಬ್ಬು ಕರಗುತ್ತಿರುವ ಲಕ್ಷಣ, ಲೋಳೆಸರ ಹಚ್ಚಿ’ ಎಂಬ ಉತ್ತರ ಬಂತು. ಎರಡು ದಿನ ಹಾಗೆಯೇ ಮಾಡಿ ಹಾಳುಮಾಡಿಕೊಂಡೆ. ಕೊಬ್ಬು ಕರಗುವಾಗ ಚರ್ಮದ ಮೇಲೆ ಗುಳ್ಳೆ ಏಳುವುದಿಲ್ಲ. ಗುಳ್ಳೆ ಎದ್ದರೆ ಅದು ಸುಟ್ಟ ಗಾಯವೇ, ಅದೇ ದಿನ ವೈದ್ಯರಿಗೆ ತೋರಿಸಬೇಕು.

ಮೂರನೆಯ ದಿನ ಕೆ.ಆರ್. ಆಸ್ಪತ್ರೆಯ ಚರ್ಮರೋಗ ವಿಭಾಗಕ್ಕೆ ಹೋದೆ. ಗಾಯಕ್ಕೆ ಮುಲಾಮು ಬರೆದ ವೈದ್ಯೆ ನನ್ನನ್ನು ಮಂಚದ ಮೇಲೆ ಅಂಗಾತ ಮಲಗಿಸಿ, ಮಂಡಿ ಮಡಚಿಸಿ, ತಲೆಯನ್ನಷ್ಟೇ ಸ್ವಲ್ಪ ಮೇಲೆತ್ತಲು ಹೇಳಿದರು. ಹೊಟ್ಟೆಯ ನಟ್ಟನಡುವೆ ಉದ್ದಕ್ಕೆ ಒಂದು ದಿಣ್ಣೆ ಎದ್ದುನಿಂತಿತು. ಹೊಕ್ಕುಳಿನ ಬಳಿ ಅವರ ಮೂರು ಬೆರಳು ಸಲೀಸಾಗಿ ಒಳಗಿಳಿದವು. ಬಸಿರಿನಲ್ಲಿ ಹೊಟ್ಟೆಯ ಎಡಬಲದ ಉದ್ದ ಸ್ನಾಯುಗಳು ನಡುವಿನ ಪೊರೆ ಹಿಗ್ಗಿ ದೂರ ಸರಿಯುತ್ತವೆ. ಅನೇಕರಲ್ಲಿ ಹೆರಿಗೆಯ ನಂತರ ತಾವಾಗಿ ಹತ್ತಿರ ಬರುತ್ತವೆ, ಕೆಲವರಲ್ಲಿ ಬರುವುದಿಲ್ಲ. ಇದಕ್ಕೆ ಡಯಾಸ್ಟಾಸಿಸ್ ರೆಕ್ಟೈ ಎನ್ನುತ್ತಾರೆ. ನನ್ನ ಹೊಟ್ಟೆ ಮುಂದೆ ಬಂದಿದ್ದದ್ದು ಕೊಬ್ಬಿನಿಂದಲ್ಲ, ಈ ಬಿರುಕಿನಿಂದ. ಅಷ್ಟು ದುಡ್ಡು ಕಟ್ಟಿಸಿಕೊಂಡವರು ಮಾಡದ ಪರೀಕ್ಷೆಗೆ ಒಂದು ನಿಮಿಷವೂ ಹಿಡಿಯಲಿಲ್ಲ.

ಈ ಪರೀಕ್ಷೆಯನ್ನು ಮನೆಯಲ್ಲಿಯೂ ಮಾಡಿಕೊಳ್ಳಬಹುದು. ಎರಡು ಬೆರಳಿಗಿಂತ ಹೆಚ್ಚು ಸಂದು ಸಿಕ್ಕರೆ, ಅಥವಾ ಕೆಮ್ಮಿದಾಗ ಹೊಕ್ಕುಳಿನಲ್ಲಿ ಮೆತ್ತನೆಯ ಗಂಟು ಹೊರಬಂದರೆ, ಹೆರಿಗೆ ಮಾಡಿಸಿದ ವೈದ್ಯರನ್ನು ಕಾಣಿ. ಎರಡನೆಯದು ಹರ್ನಿಯಾ ಇರಬಹುದು, ಅದರ ಮೇಲೆ ಯಾವ ಯಂತ್ರವನ್ನೂ ಇಡಬಾರದು. ನನಗೆ ಫಿಸಿಯೋಥೆರಪಿಸ್ಟ್ ಹೇಳಿಕೊಟ್ಟದ್ದು ಉಸಿರು ಬಿಡುತ್ತಾ ಕಿಬ್ಬೊಟ್ಟೆಯನ್ನು ಒಳಗೆ ಸೆಳೆದುಕೊಳ್ಳುವ ನಿಧಾನದ ವ್ಯಾಯಾಮ. ಹೊಟ್ಟೆ ದಿಣ್ಣೆಯಾಗಿ ಏಳುವುದು ನಿಲ್ಲುವವರೆಗೆ ಸಿಟ್-ಅಪ್ ಮಾಡಬೇಡಿ, ಹಾಸಿಗೆಯಿಂದ ಮಗ್ಗುಲಾಗಿ ಏಳಿ ಎಂದರು. ಐದು ತಿಂಗಳಿಗೆ ಮೂರು ಬೆರಳಿನ ಸಂದು ಒಂದೂವರೆಗೆ ಬಂದಿದೆ.

ಹಣದ ವಿಷಯದಲ್ಲಿಯೂ ಒಂದು ಮಾತು ಹೇಳಬೇಕು. ‘ಬಡ್ಡಿಯಿಲ್ಲದ ಕಂತು’ ಎಂದು ಅವರು ನನ್ನ ಫೋನಿನಲ್ಲಿಯೇ ಆಧಾರ್ ಸಂಖ್ಯೆ ಹಾಕಿ, ಒಟಿಪಿ ಕೇಳಿ ಮಾಡಿದ ಕೆಲಸ ವಾಸ್ತವದಲ್ಲಿ ಒಂದು ಹಣಕಾಸು ಕಂಪನಿಯಿಂದ ನನ್ನ ಹೆಸರಿನಲ್ಲಿ ತೆಗೆದ ಸಾಲ. ನಾಲ್ಕೂ ಸಿಟ್ಟಿಂಗಿನ ಹಣ ಅಂದೇ ಚಿಕಿತ್ಸಾಲಯದ ಖಾತೆಗೆ ಸೇರಿತು. ಒಂದೇ ಸಿಟ್ಟಿಂಗಿಗೆ ನಿಲ್ಲಿಸಿದ ನಾನು ಕಂತು ಮಾತ್ರ ತಪ್ಪಿಸುವಂತಿಲ್ಲ, ತಪ್ಪಿಸಿದರೆ ಮುಂದೆ ಸಾಲ ಕೊಡುವವರು ನೋಡುವ ಸಿಬಿಲ್ ಅಂಕ ಕೆಡುತ್ತದೆ. ರಿಸರ್ವ್ ಬ್ಯಾಂಕಿನ ಡಿಜಿಟಲ್ ಸಾಲದ ನಿಯಮಗಳಂತೆ, ಸಾಲ ಪಡೆದ ಮೇಲೆ ಕಂಪನಿ ಗೊತ್ತುಪಡಿಸಿದ ಮೊದಲ ದಿನಗಳೊಳಗೆ ಅಸಲನ್ನೂ ಅಷ್ಟು ದಿನದ ಬಡ್ಡಿ-ವೆಚ್ಚವನ್ನೂ ಕಟ್ಟಿ ದಂಡವಿಲ್ಲದೆ ಹೊರಬರಲು ಅವಕಾಶವಿದೆ. ಗೊತ್ತಾಗುವ ಹೊತ್ತಿಗೆ ನನ್ನ ಆ ದಿನಗಳು ಕಳೆದುಹೋಗಿದ್ದವು. ಮಾಡಿಸಲೇಬೇಕೆಂದಿದ್ದರೆ ಒಂದು ಸಿಟ್ಟಿಂಗಿಗೆ ಮಾತ್ರ ಹಣ ಕೊಡಿ, ನಿಮ್ಮ ಒಟಿಪಿಯನ್ನು ಅಲ್ಲಿ ಯಾರಿಗೂ ಹೇಳಬೇಡಿ.

ಒಳಗೆ ಹೋದ ಕೂಡಲೇ ಗೋಡೆ ನೋಡಿ. 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯ ಪ್ರಕಾರ ಚಿಕಿತ್ಸಾಲಯ ನೋಂದಣಿಯಾಗಿರಬೇಕು, ಆ ಪ್ರಮಾಣಪತ್ರ ಎಲ್ಲರಿಗೂ ಕಾಣುವಂತಿರಬೇಕು. ನಾನು ಹೋದ ಕಡೆ ಬಹುಮಾನದ ಫಲಕಗಳಿದ್ದವು, ಇದು ಇರಲಿಲ್ಲ. ಯಂತ್ರ ಹಿಡಿಯುವವರು ಯಾರು, ಚರ್ಮವೈದ್ಯರು ಆ ಹೊತ್ತಿಗೆ ಕಟ್ಟಡದಲ್ಲಿರುತ್ತಾರೆಯೇ ಎಂದು ಕೇಳಿ. ಉತ್ತರ ತಡವರಿಸಿದರೆ ಎದ್ದು ಬನ್ನಿ.

ಈಗಾಗಲೇ ತೊಂದರೆಯಾಗಿದ್ದರೆ ದಿನಾಂಕ ಸಹಿತ ಗಾಯದ ಫೋಟೋ, ರಸೀದಿ, ವಾಟ್ಸ್ಆ್ಯಪ್ ಮಾತುಕತೆ, ಸರ್ಕಾರಿ ಆಸ್ಪತ್ರೆಯ ಚೀಟಿ ಇವೆಲ್ಲವನ್ನೂ ಜೋಪಾನ ಮಾಡಿ. ಒಪ್ಪಿಗೆ ಪತ್ರದ ಪ್ರತಿಯನ್ನು ಕೇಳಿ ಪಡೆಯಿರಿ; ನನ್ನ ದೂರಿಗೆ ಬಲ ಬಂದದ್ದೇ ಆ ಮೂರನೆಯ ಪುಟದಿಂದ. ಗ್ರಾಹಕ ಸಹಾಯವಾಣಿ 1915ಕ್ಕೆ ಮೊದಲು ಕರೆ ಮಾಡಬಹುದು. ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡಲು ಘಟನೆಯಿಂದ ಎರಡು ವರ್ಷ ಕಾಲಾವಕಾಶವಿದೆ, ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ದೂರುದಾರರು ವಾಸವಿರುವ ಜಿಲ್ಲೆಯಲ್ಲಿಯೇ ದೂರು ಸಲ್ಲಿಸಬಹುದಾದ್ದರಿಂದ, ಮೈಸೂರಿಗೆ ಬಂದು ಚಿಕಿತ್ಸೆ ಮಾಡಿಸಿಕೊಂಡ ಮಂಡ್ಯದವರು ಕೈಗೂಸನ್ನು ಎತ್ತಿಕೊಂಡು ಇಲ್ಲಿಗೆ ಅಲೆಯಬೇಕಾಗಿಲ್ಲ, ಮಂಡ್ಯದಲ್ಲಿಯೇ ಕೊಡಬಹುದು.